ಆರ್ಕಿಡ್ ಹುಚ್ಚು ಹಿಡಿಯಿತೇ? ಮೊದಲು ಬೇರು ನೋಡಿ

ಆರ್ಕಿಡ್ ಹುಚ್ಚು ಶುರುವಾಗುವುದು ಒಂದೇ ಕುಂಡದಿಂದ. ಹೂ ವಾರಗಟ್ಟಲೆ ಬಾಡದೆ ನಿಂತಿತೆಂದರೆ ಮುಗೀತು, ಮುಂದಿನ ಸಂತೆಗೆ ಇನ್ನೊಂದು ಬಣ್ಣ ಬೇಕೇ ಬೇಕು. ಶಿರಸಿ, ಯಲ್ಲಾಪುರದ ಕಡೆಯವರಿಗೆ ಇದು ಹೊಸ ಗಿಡವೇನಲ್ಲ. ಮಳೆ ಹಿಡಿಯುವ ಹೊತ್ತಿಗೆ ಮರದಿಂದ ಜಡೆಯ ಹಾಗೆ ಇಳಿಬೀಳುವ ಸೀತಾಳೆ ದಂಡೆ ಆರ್ಕಿಡ್ಡೇ, ತೋಟದಲ್ಲಿ ಹಬ್ಬಿಸಿದ ವೆನಿಲ್ಲಾ ಬಳ್ಳಿಯೂ ಅದೇ ಕುಟುಂಬದ್ದು. ಆದರೂ ಜಾಸ್ತಿ ಜನ ತಂದ ಗಿಡವನ್ನು ಮೊದಲ ಮಳೆಗಾಲದಲ್ಲೇ ಕೊಳೆಸಿಬಿಡುತ್ತಾರೆ. ಕೆಂಪು ಮಣ್ಣು, ಸಗಣಿ ಗೊಬ್ಬರ ಹಾಕಿ ದಾಸವಾಳದ ಹಾಗೆ ನೆಡುತ್ತಾರಲ್ವಾ, ಅದೇ ಕಾರಣ.

ಮೊದಲ ಗಿಡ ಡೆಂಡ್ರೋಬಿಯಂ ಜಾತಿಯ ಆರ್ಕಿಡ್ ಆಗಿರಲಿ. ಫೆಲನಾಪ್ಸಿಸ್ ಅನ್ನುವ ಜಾತಿಯೂ ಚೆಂದವೇ, ಆದರೆ ಎಲೆಗಳ ನಡುವೆ ನೀರು ನಿಂತರೆ ಸುಳಿ ಕೊಳೆಯುತ್ತದೆ. ಅದು ಆಮೇಲೆ. ಆನ್‌ಲೈನಿನಲ್ಲಿ ಆರ್ಕಿಡ್ ಬೀಜದ ಪೊಟ್ಟಣ ಮಾರುತ್ತಾರೆ, ದುಡ್ಡು ಹಾಕಲೇಬೇಡಿ. ಇದರ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಆಹಾರವೇ ಇರುವುದಿಲ್ಲ, ಮನೆಯ ಕುಂಡದಲ್ಲಿ ಮೊಳೆಯುವ ಮಾತೇ ಇಲ್ಲ. ಕಾಡಿನ ಮರದಿಂದ ಕಿತ್ತು ತರುವುದೂ ಬೇಡ.

ಈಗ ಕುಂಡ ಬದಲಿಸುವ ಕೆಲಸ. ಹೊಸ ಬೇರು ಹೊರಡುವಾಗಲೇ ಮಾಡಿ, ನಮ್ಮಲ್ಲಿ ಏಪ್ರಿಲ್, ಮೇ ಒಳ್ಳೆಯದು. ಗಿಡ ತೆಗೆದು ಬೇರಿಗೆ ಅಂಟಿದ ಹಳೆಯದನ್ನೆಲ್ಲ ನಿಧಾನ ಬಿಡಿಸಿ. ಒಂದೊಂದೇ ಬೇರನ್ನು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವವಿದೆ. ಮೆತ್ತಗಾಗಿ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಕೈಗೆ ಬಂದರೆ ಅದು ಸತ್ತ ಬೇರು, ಕತ್ತರಿಯನ್ನು ಬೆಂಕಿಗೆ ಹಿಡಿದು ಆರಿಸಿ ಅಲ್ಲಿಗೇ ಕತ್ತರಿಸಿ. ಎಲೆ ಉದುರಿದ ಹಳೆ ಕಾಂಡ ಹಸಿರಾಗಿದ್ದರೆ ಮುಟ್ಟಬೇಡಿ, ಗಿಡ ಅದರಲ್ಲೇ ನೀರು, ಆಹಾರ ಕೂಡಿಟ್ಟಿರುತ್ತದೆ.

ತಳ, ಬದಿ ಎಲ್ಲ ಕಡೆ ತೂತಿರುವ ಸಣ್ಣ ಕುಂಡ ಸಾಕು. ಅಡಿಗೆ ಹಳೆ ಹಂಚಿನ ಚೂರು, ಮೇಲೆ ತೊಳೆದು ನೆನೆಸಿದ ಇದ್ದಿಲು. ತೆಂಗಿನ ಸಿಪ್ಪೆ ಘಟ್ಟದ ಮೇಲೂ ಕರಾವಳಿಯಲ್ಲೂ ಪುಕ್ಕಟೆ ಸಿಗುತ್ತದೆ, ಆದರೆ ಜುಲೈ ಮಳೆಯಲ್ಲಿ ಅದು ಒಣಗುವುದೇ ಇಲ್ಲ. ತೆಂಗಿನ ಪುಡಿ ತುಂಬಿದ ‘ಆರ್ಕಿಡ್ ಮಿಕ್ಸ್’ ಇನ್ನೂ ಕೆಟ್ಟದ್ದು. ಕಾಂಡದ ಬುಡ ಇದ್ದಿಲಿನ ಮೇಲೆ ಕೂರಬೇಕು, ಒಳಗೆ ಹೂಳಬಾರದು. ಹಾಗೆ ಕೂರಿಸಿದರೆ ಗಿಡ ಅಲ್ಲಾಡುತ್ತದೆ, ಅಲ್ಲಾಡಿದರೆ ಹೊಸ ಬೇರಿನ ತುದಿ ಉಜ್ಜಿ ಸಾಯುತ್ತದೆ. ಅದಕ್ಕೇ ಒಂದು ಕೋಲು ನೆಟ್ಟು ಎರಡು ಕಡೆ ಬಿಗಿಯಾಗಿ ಕಟ್ಟಿ. ಕುಂಡ ಎತ್ತಿದರೂ ಗಿಡ ಕದಲಬಾರದು. ನಾಲ್ಕೈದು ದಿನ ನೆರಳಲ್ಲಿಡಿ, ಕತ್ತರಿಸಿದ ಜಾಗ ಒಣಗಲಿ, ನೀರು ಬೇಡ.

ಆಮೇಲೆ ನೀರಿನ ಲೆಕ್ಕವನ್ನು ಬೇರಿನ ಬಣ್ಣವೇ ಹೇಳುತ್ತದೆ. ನೆನೆದ ಬೇರು ಹಸಿರು, ಒಣಗಿದ್ದು ಬೂದು ಬಿಳಿ. ಬಿಳಿಯಾದ ಮೇಲೆ ಧಾರಾಳ ಹಾಕಿ, ಹಸಿರಿದ್ದರೆ ಸುಮ್ನೆ ಬಿಡಿ. ಮಳೆಗಾಲದಲ್ಲಿ ಜಗಲಿಯ ಅಂಚಿಗೆ, ಬೆಳಕು ಗಾಳಿ ಎರಡೂ ಸಿಗುವಲ್ಲಿ ತೂಗುಹಾಕಿ. ನೆಲದ ಮೇಲಿಟ್ಟರೆ ಬಸವನಹುಳ ರಾತ್ರಿ ಬಂದು ಎಳೆ ಬೇರಿನ ತುದಿ ತಿನ್ನುತ್ತದೆ. ಗೊಬ್ಬರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವುದು), ಲೀಟರ್ ನೀರಿಗೆ ಒಂದು ಗ್ರಾಂ, ಚಿಗುರುವಾಗ ವಾರಕ್ಕೊಮ್ಮೆ ಸಾಕು.

ಕಾಂಡದ ಮೇಲೆ ಮರಿ ಗಿಡ ಬಂದರೆ ಬೇರು ಎರಡು ಇಂಚು ಉದ್ದವಾಗುವ ತನಕ ಕಾದು ಬೇರ್ಪಡಿಸಿ. ಯಾರಿಗಾದರೂ ಕೊಡುವುದಾದರೆ ಒಂದು ಹಿಡಿ ಇದ್ದಿಲನ್ನೂ ಜೊತೆಗೇ ಕೊಟ್ಟು ಕಳಿಸಿ.