ಈಗಲ್ ಬಿಟ್ಟು ಕಿಕ್ಯಾಡ್‌ಗೆ ಬಂದದ್ದು: ನನ್ನ ಅನುಭವ

ಸಿರ್ಸಿಯಲ್ಲಿ ನಾನು ಅಡಿಕೆ ತೋಟದ ಪಂಪ್‌ಸೆಟ್ಟುಗಳಿಗೆ ಆಟೋ ಸ್ಟಾರ್ಟರ್ ಬೋರ್ಡ್ ಮಾಡಿಕೊಡುತ್ತೇನೆ. ಮೊದಲಿನಿಂದಲೂ ಡಿಸೈನ್ ಎಲ್ಲಾ ಈಗಲ್‌ನಲ್ಲೇ ಇತ್ತು; ಅದು ಸರ್ಕ್ಯೂಟ್ ಬೋರ್ಡ್ ಬರೆಯುವ ಸಾಫ್ಟ್‌ವೇರ್. 2026ರ ಜೂನ್ 7ಕ್ಕೆ ಈಗಲ್ ನಿಲ್ಲಿಸುವುದಾಗಿ ಅದರ ಕಂಪನಿ ಆಟೋಡೆಸ್ಕ್ 2023ರಲ್ಲಿ ಹೇಳಿದಾಗ ನನಗೆ ಮೊದಲು ನೆನಪಾದದ್ದು ಹಳೆಯ ಫೈಲುಗಳು. ತೋಟದಲ್ಲಿ ಕೂತಿರುವ ಬೋರ್ಡ್ ಹತ್ತು ವರ್ಷ ಕಳೆದ ಮೇಲೂ ರಿಪೇರಿಗೆ ಬರುತ್ತದೆ. ಆವತ್ತು ಫೈಲ್ ತೆರೆಯದಿದ್ದರೆ ಏನು ಮಾಡುವುದು?

ಬ್ರೌಸರಿನಲ್ಲಿ ನಡೆಯುವ ಸಾಫ್ಟ್‌ವೇರ್ ನನಗೆ ಆಗಿಬರಲಿಲ್ಲ. ಇಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ನೆಟ್ಟೂ ಹೋಗುತ್ತದೆ. ಕಿಕ್ಯಾಡ್ ಕೂಡ ಬೋರ್ಡ್ ಬರೆಯುವ ಸಾಫ್ಟ್‌ವೇರೇ; ಉಚಿತ, ನಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ. ಈಗಲ್ ಫೈಲುಗಳನ್ನು 2018ರ 5ನೇ ಆವೃತ್ತಿಯಿಂದಲೇ ತೆಗೆದುಕೊಳ್ಳುತ್ತದೆ.

ಆದರೆ ಎಲ್ಲಾ ಈಗಲ್ ಫೈಲುಗಳನ್ನೂ ಅಲ್ಲ. ಈಗಲ್ 6ರಿಂದ ಫೈಲ್ ಎಕ್ಸ್‌ಎಂಎಲ್ ರೂಪದಲ್ಲಿದೆ. ಅದಕ್ಕೂ ಹಳೆಯದು ಬೈನರಿ. ನೋಟ್‌ಪ್ಯಾಡಿನಲ್ಲಿ ತೆರೆದರೆ ತಕ್ಷಣ ಗೊತ್ತಾಗುತ್ತದೆ: ಓದಲು ಬರುವ ಅಕ್ಷರಗಳಿದ್ದರೆ ಸರಿ, ಬರೀ ಚಿತ್ರವಿಚಿತ್ರ ಗುರುತುಗಳಿದ್ದರೆ ಹಳೆಯದು. ಅಂಥ ಫೈಲುಗಳನ್ನೆಲ್ಲ ಈಗಲ್ ಇನ್ನೂ ನಡೆಯುತ್ತಿರುವಾಗಲೇ ತೆರೆದು ಮತ್ತೆ ಸೇವ್ ಮಾಡಿಟ್ಟೆ. ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ನಕ್ಷೆ), ಬೋರ್ಡ್ ಎರಡನ್ನೂ ಒಂದೇ ಹೆಸರಿನಲ್ಲಿ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಂಡೆ.

ಫೈಲ್ ತೆರೆಯಿತು ಅಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬಿ ಕೀ ಒತ್ತಿ ತಾಮ್ರದ ಜೋನ್‌ಗಳನ್ನು (ತಾಮ್ರ ಹರಡುವ ಜಾಗಗಳನ್ನು) ಮತ್ತೆ ತುಂಬಿಸಿದೆ, ಡಿಆರ್‌ಸಿ, ಅಂದರೆ ಡಿಸೈನಿನ ತಪ್ಪು ಹುಡುಕುವ ಪರೀಕ್ಷೆ, ಓಡಿಸಿದೆ. ಆಮೇಲೆ ಬೋರ್ಡನ್ನು ನಿಜ ಅಳತೆಯಲ್ಲೇ ಕಾಗದದ ಮೇಲೆ ಪ್ರಿಂಟ್ ತೆಗೆದು, ರಿಲೇಯ (ಕರೆಂಟಿನಿಂದ ನಡೆಯುವ ಸ್ವಿಚ್ಚಿನ) ಐದೂ ಕಾಲುಗಳನ್ನು ಅದರ ಮೇಲೆ ಇಟ್ಟು ನೋಡಿದೆ. ಇಷ್ಟು ಮಾಡಲು ಹತ್ತು ನಿಮಿಷ ಸಾಕು.

ಇಷ್ಟೊಂದು ಪರೀಕ್ಷೆ ಯಾಕೆ ಅಂದರೆ, ಈಗಲ್‌ನಲ್ಲಿದ್ದಾಗ ಒಮ್ಮೆ ಪೆಟ್ಟು ತಿಂದಿದ್ದೇನೆ. ರಿಲೇಯ ಕೆಳಗೆ, ಮೇನ್ಸ್ ಕಡೆಗೂ 5 ವೋಲ್ಟ್ ಕಡೆಗೂ ನಡುವೆ ಒಂದು ಉದ್ದ ಸೀಳು ಬೇಕಿತ್ತು. ಮಲೆನಾಡಿನ ಮಳೆಗಾಲದಲ್ಲಿ ಪಂಪ್ ಶೆಡ್ಡಿನೊಳಗೆ ಬೋರ್ಡಿನ ಮೇಲೆ ತೇವ ಕೂರುತ್ತದೆ, ಅದರ ಮೇಲೆ ಧೂಳು. ಎರಡೂ ಸೇರಿದರೆ ಕರೆಂಟ್ ಬೋರ್ಡಿನ ಮೈಮೇಲೇ ಹರಿದುಬಿಡುತ್ತದೆ. ಸೀಳಿದ್ದರೆ ಆ ದಾರಿ ತಪ್ಪುತ್ತದೆ. ಅದನ್ನು ನಾನು ಡಿಸೈನಿನ 46ನೇ ಲೇಯರಿನಲ್ಲಿ (ಪದರದಲ್ಲಿ), ಅಂದರೆ ಸೀಳು ಕೊರೆಯುವ ಮಿಲ್ಲಿಂಗ್‌ನಲ್ಲಿ ಬರೆದಿದ್ದೆ. ಅಂಚಿನ ಗರ್ಬರ್ (ಬೋರ್ಡ್ ಮಾಡುವವರಿಗೆ ಕೊಡುವ ಫೈಲ್) ಮಾಡುವಾಗ ಬೋರ್ಡಿನ ಅಂಚಿರುವ 20ನೆಯ ಲೇಯರನ್ನು ಮಾತ್ರ ಸೇರಿಸಿದ್ದೆ. ಬೋರ್ಡುಗಳು ಸೀಳಿಲ್ಲದೆ ಬಂದವು. ಅವನ್ನು ತೋಟಕ್ಕೆ ಕೊಡಲು ಮನಸ್ಸಾಗಲಿಲ್ಲ. ಒಂದೊಂದನ್ನೂ ಕೈಯಲ್ಲೇ ಕೊರೆದೆ.

ಬೋರ್ಡ್ ಮಾಡುವವರು ನೋಡುವುದು ಗರ್ಬರ್ ಮತ್ತು ಡ್ರಿಲ್ ಫೈಲುಗಳನ್ನು, ನಮ್ಮ ಡಿಸೈನನ್ನಲ್ಲ. ಹಾಗಾಗಿ ಈಗ ಕಿಕ್ಯಾಡ್‌ನಲ್ಲಿ ಸೀಳನ್ನು ಬೋರ್ಡಿನ ಅಂಚು ಬರೆಯುವ ಎಡ್ಜ್ ಕಟ್ಸ್ ಲೇಯರಿನಲ್ಲೇ ಬರೆಯುತ್ತೇನೆ. ಕಳಿಸುವ ಮೊದಲು ಕಿಕ್ಯಾಡ್ ಜೊತೆಗೇ ಬರುವ ಗರ್ಬರ್ ನೋಡುವ ಗರ್ಬ್‌ವ್ಯೂನಲ್ಲಿ ಎಲ್ಲಾ ಫೈಲುಗಳನ್ನೂ ಒಟ್ಟಿಗೆ ತೆರೆಯುತ್ತೇನೆ. ಸೀಳು ಕಾಣಬೇಕು, ತೂತುಗಳು ಪ್ಯಾಡಿನ (ಕಾಲು ಬೆಸೆಯುವ ತಾಮ್ರದ ಜಾಗದ) ಮಧ್ಯಕ್ಕೇ ಬೀಳಬೇಕು. ಗರ್ಬರ್, ಡ್ರಿಲ್ ಎರಡರ ಒರಿಜಿನ್ (ಅಳತೆ ಶುರುವಾಗುವ ಬಿಂದು) ಬೇರೆಯಾಗಿದ್ದರೆ ಎಲ್ಲಾ ತೂತುಗಳೂ ಒಂದೇ ಕಡೆಗೆ ಸರಿದಿರುತ್ತವೆ, ಕಣ್ಣಿಗೆ ಹೊಡೆದು ಕಾಣುತ್ತದೆ.

ಇನ್ನೊಂದು ವಿಷಯ. ಕಿಕ್ಯಾಡ್‌ನ ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ್ದು ಹಳೆಯದರಲ್ಲಿ ತೆರೆಯುವುದಿಲ್ಲ. ಕುಮಟಾದ ಗೆಳೆಯನಿಗೆ ಫೈಲ್ ಕಳಿಸಿ ಎರಡು ದಿನ ಸುಮ್ನೆ ಕಳೆದ ಮೇಲೆ ಇದು ಗೊತ್ತಾಯಿತು. ಈಗ ಇಬ್ಬರೂ ಮಾತಾಡಿಕೊಂಡೇ ಅಪ್‌ಡೇಟ್ ಮಾಡುತ್ತೇವೆ.