ಹುಲ್ಲುಹಾಸನ್ನು ಚಳಿಗಾಲಕ್ಕೆ ನಾನು ಅಣಿ ಮಾಡುವ ಬಗೆ

ವಸಂತದಲ್ಲಿ ಲಾನ್ ಹಸಿರಾಗಿ ಏಳಬೇಕಾದರೆ ಅದರ ಕೆಲಸ ಬೇಸಿಗೆ ಮುಗಿಯುತ್ತಿದ್ದ ಹಾಗೇ ಶುರುವಾಗಬೇಕು. ಹಿಮ ಬೀಳುವ ಕಡೆ ಹುಲ್ಲು ಬೆಳೆಸುವ ಎಲ್ಲರಿಗೂ ನಾನು ಇದನ್ನೇ ಹೇಳುತ್ತೇನೆ. ಬಿಸಿಲು ಇಳಿದ ಮೇಲೂ ಮಣ್ಣಿನೊಳಗೆ ಸ್ವಲ್ಪ ದಿನ ಬಿಸುಪು ಉಳಿದಿರುತ್ತದೆ. ಎಲೆಯ ಓಟ ನಿಧಾನವಾಗುತ್ತದೆ, ಬೇರು ಮಾತ್ರ ಬೆಳೆಯುತ್ತಲೇ ಇರುತ್ತದೆ. ಆ ಕೆಲವು ವಾರಗಳಲ್ಲಿ ನಾನು ಏನೇ ಮಾಡಿದರೂ ಅದು ಬೇರಿಗಾಗಿ.

ಮೊದಲು ನಿಮ್ಮ ಅಂಗಳದಲ್ಲಿರುವುದು ಯಾವ ಹುಲ್ಲು ಅಂತ ತಿಳಿದುಕೊಳ್ಳಿ. ನನ್ನದು ಕೆಂಟಕಿ ಬ್ಲೂಗ್ರಾಸ್, ಫೆಸ್ಕ್ಯೂ ಮತ್ತು ರೈಗ್ರಾಸ್ ಬೆರೆತದ್ದು. ಇವು ತಂಪು ಹವೆಯ ಹುಲ್ಲುಗಳು, 15ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಹುಲುಸಾಗಿ ಬೆಳೆಯುತ್ತವೆ. ಗರಿಕೆ ಜಾತಿಯ ಬರ್ಮುಡಾ, ಜೋಯ್ಸಿಯಾ ಇವೆಲ್ಲ ಸೆಕೆ ಇಷ್ಟಪಡುವಂಥವು. ಚಳಿ ಬಂದರೆ ಕಂದಾಗಿ ಮಲಗಿಬಿಡುತ್ತವೆ. ಅವಕ್ಕೆ ಈ ಹೊತ್ತಿನಲ್ಲಿ ಸಾರಜನಕದ ಗೊಬ್ಬರ ಹಾಕಬಾರದು, ಎಳೆ ಚಿಗುರು ಬಂದು ಚಳಿಗೆ ಸಿಕ್ಕಿ ಸುಟ್ಟುಹೋಗುತ್ತದೆ. ಮುಂದೆ ಹೇಳುವುದೆಲ್ಲ ತಂಪು ಹವೆಯ ಹುಲ್ಲಿನ ಮಾತು.

ನಾನು ಮೊದಲು ಕೈ ಹಾಕುವುದು ಮಣ್ಣಿಗೆ ತೂತು ಹಾಕುವ ಕೆಲಸಕ್ಕೆ. ಬೇಸಿಗೆಯಿಡೀ ಜನ ಓಡಾಡಿ, ಮಕ್ಕಳು ಆಡಿ ನೆಲ ಗಟ್ಟಿಯಾಗಿರುತ್ತದೆ, ಅಲ್ವಾ? ಬರೀ ಮೊಳೆ ಚುಚ್ಚುವ ಸಲಕರಣೆ ನನಗೆ ಹಿಡಿಸುವುದಿಲ್ಲ. ಅದು ಮಣ್ಣನ್ನು ಪಕ್ಕಕ್ಕೆ ಒತ್ತಿ ಇನ್ನೂ ಬಿಗಿ ಮಾಡುತ್ತದೆ. ಟೊಳ್ಳು ಹಲ್ಲಿರುವ ಏರೇಟರ್ ಮಣ್ಣಿನ ತುಂಡನ್ನೇ ಹೊರಗೆ ಎಳೆಯುತ್ತದೆ. ಹಿಂದಿನ ದಿನ ನೀರು ಬಿಟ್ಟು ನೆಲ ಹದವಾಗಿದ್ದರೆ ಹಲ್ಲು ಐದಾರು ಸೆಂಟಿಮೀಟರ್ ಆಳಕ್ಕೆ ಇಳಿಯುತ್ತದೆ.

ಹೊರಬಂದ ಆ ತುಂಡುಗಳಲ್ಲಿ ಒಂದನ್ನು ಕೈಗೆತ್ತಿಕೊಂಡು ನೋಡಿ. ಬೆರಳು ಗಾತ್ರದ್ದು. ಮೇಲ್ತುದಿಯಲ್ಲಿ ಹಸಿರು, ಅದರ ಕೆಳಗೆ ನಾರು ನಾರಾದ ಕಂದು ಪದರ, ಆಮೇಲೆ ಮಣ್ಣು, ಮಣ್ಣಿನ ತುಂಬ ಬಿಳಿ ಬೇರು. ಆ ಕಂದು ಪದರಕ್ಕೆ ಥ್ಯಾಚ್ ಅನ್ನುತ್ತಾರೆ. ತೆಳ್ಳಗಿದ್ದರೆ ಒಳ್ಳೆಯದೇ. ಒಂದು ಸೆಂಟಿಮೀಟರಿಗಿಂತ ಜಾಸ್ತಿ ದಪ್ಪವಾದರೆ ನೀರು, ಗೊಬ್ಬರ ಕೆಳಗಿಳಿಯುವುದು ಕಷ್ಟ, ರೇಕ್ ಹಾಕಿ ಎಳೆದು ತೆಗೆಯಬೇಕು. ಬಿಳಿ ಬೇರು ತುಂಡಿನ ಅರ್ಧಕ್ಕೇ ನಿಂತಿದ್ದರೆ ಅಲ್ಲಿ ಮಣ್ಣು ಬಿಗಿದಿದೆ ಅಂತ ಅರ್ಥ, ಆ ಜಾಗದಲ್ಲಿ ಇನ್ನೊಂದು ಸುತ್ತು ಹಾಕುತ್ತೇನೆ. ತುಂಡುಗಳನ್ನು ಗುಡಿಸುವುದಿಲ್ಲ. ಮಳೆಗೆ ಕರಗಿ ಮತ್ತೆ ಮಣ್ಣು ಸೇರುತ್ತವೆ.

ತೂತು ಬಿದ್ದ ನೆಲ ಬೀಜಕ್ಕೂ ಹೇಳಿ ಮಾಡಿಸಿದ ಜಾಗ. ಹುಲ್ಲು ತೆಳುವಾದ ಕಡೆ ಬೀಜ ಎರಚಿ, ತೆಳ್ಳಗೆ ಕಾಂಪೋಸ್ಟ್ ಉದುರಿಸಿ, ಕಾಲಿನಿಂದ ಮೆತ್ತಗೆ ಒತ್ತುತ್ತೇನೆ. ಬೀಜ ಮಣ್ಣಿಗೆ ತಾಗದಿದ್ದರೆ ಸುಮ್ನೆ ಹಕ್ಕಿಗಳ ಪಾಲು. ರೈಗ್ರಾಸ್ ಒಂದು ವಾರದೊಳಗೇ ಮೊಳೆಯುತ್ತದೆ. ಬ್ಲೂಗ್ರಾಸಿಗೆ ಎರಡರಿಂದ ನಾಲ್ಕು ವಾರ ಬೇಕು, ಅದಕ್ಕೆ ತಾಳ್ಮೆ ಇರಲಿ. ಮೊಳಕೆ ಕಾಣುವ ತನಕ ಮೇಲ್ಮಣ್ಣು ಒಣಗಲು ಬಿಡಬಾರದು. ನೆಲ ಹೆಪ್ಪುಗಟ್ಟುವ ಮುನ್ನ ಎಳೆ ಹುಲ್ಲಿಗೆ ಒಂದೂವರೆ ತಿಂಗಳಾದರೂ ಸಿಗುವ ಹಾಗೆ ಲೆಕ್ಕ ಹಾಕಿಯೇ ಬಿತ್ತುತ್ತೇನೆ.

ಗೊಬ್ಬರ ಹೆಚ್ಚು ಬೇಡ. ಒಂದು ಚದರ ಮೀಟರಿಗೆ ಸುಮಾರು 5 ಗ್ರಾಂ ಸಾರಜನಕ ಸಿಗುವಷ್ಟು ಸಾಕು. ಹೆಪ್ಪುಗಟ್ಟಿದ ನೆಲದ ಮೇಲೆ ಮಾತ್ರ ಹಾಕಲೇಬೇಡಿ, ಅದು ಬೇರಿಗೆ ಸಿಗದೆ ಕೊಚ್ಚಿಕೊಂಡು ಹೋಗಿ ಕೆರೆ ಹೊಳೆ ಕೆಡಿಸುತ್ತದೆ.

ತರಗೆಲೆಯ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಅದನ್ನು ಚೀಲಕ್ಕೆ ತುಂಬಿ ಎಸೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಣಗಿದ ಎಲೆಯ ಮೇಲೆ ಮೋವರ್ ಎರಡು ಸಲ ಓಡಿಸಿದರೆ ಅದು ಪುಡಿಯಾಗಿ ಹುಲ್ಲಿನ ಸಂದಿಗೆ ಇಳಿಯುತ್ತದೆ, ಎರೆಹುಳ ಉಳಿದದ್ದನ್ನು ನೋಡಿಕೊಳ್ಳುತ್ತವೆ. ಎಲೆಯ ಪುಡಿಯ ನಡುವೆ ಹುಲ್ಲಿನ ತುದಿ ಕಾಣುತ್ತಿರಬೇಕು, ಅದೇ ಅಳತೆ. ಅದಕ್ಕಿಂತ ಹೆಚ್ಚಿದ್ದನ್ನು ಗಿಡಗಳ ಬುಡಕ್ಕೆ ಹಾಕಿ. ಇಡೀ ಎಲೆಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು, ಮೇಲೆ ಹಿಮ ಕೂತರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಹಿಮ ಕರಗಿದಾಗ ವೃತ್ತಾಕಾರದ ಬೂದು ಅಥವಾ ಗುಲಾಬಿ ಮಚ್ಚೆಗಳು ಕಂಡರೆ ಅದೇ ರೋಗ. ಉದ್ದ ಬಿಟ್ಟು ಬಾಗಿ ಬಿದ್ದ ಹುಲ್ಲಿಗೂ ಇದು ತಗಲುತ್ತದೆ. ಹಾಗಾಗಿ ವರ್ಷದ ಕೊನೆಯ ಸಲ ಕತ್ತರಿಸುವಾಗ ಐದಾರು ಸೆಂಟಿಮೀಟರ್ ಎತ್ತರಕ್ಕೆ ತರುತ್ತೇನೆ. ಒಂದೇ ಏಟಿಗೆ ಅಲ್ಲ. ಪ್ರತಿ ಸಲ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದೆ, ಹಂತಹಂತವಾಗಿ.

ನೆಲ ಹೆಪ್ಪುಗಟ್ಟುವ ಮುನ್ನ ಪೈಪು ಬಿಚ್ಚಿ, ಸ್ಪ್ರಿಂಕ್ಲರ್ ಕೊಳವೆಗಳ ನೀರನ್ನು ಪೂರ್ತಿ ಹೊರಹಾಕುತ್ತೇನೆ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಕೊಳವೆ ಒಡೆಯಲು ಅಷ್ಟು ಸಾಕು. ಮೋವರಿನ ಪೆಟ್ರೋಲ್ ಖಾಲಿ ಮಾಡಿ, ಬ್ಲೇಡ್ ಸಾಣೆ ಹಿಡಿದು ಒಳಗಿಡುತ್ತೇನೆ.

ಆಮೇಲೆ ಹುಲ್ಲಿನ ಮೇಲೆ ಓಡಾಟ ನಿಲ್ಲಬೇಕು. ಹೆಪ್ಪುಗಟ್ಟಿದ ಎಲೆಯನ್ನು ತುಳಿದರೆ ಒಳಗಿನ ಜೀವಕೋಶಗಳು ಒಡೆದು ಹೆಜ್ಜೆ ಹೆಜ್ಜೆಗೂ ಕಂದು ಗುರುತು ಮೂಡುತ್ತದೆ. ಕಾಲುದಾರಿ ಜಾರುತ್ತಿದ್ದರೆ ನಾನು ಉಪ್ಪಿನ ಬದಲು ಮರಳು ಎರಚುತ್ತೇನೆ. ಅಂಚಿನ ಹುಲ್ಲಿಗೆ ಉಪ್ಪು ಬಿದ್ದೇ ಬಿಟ್ಟಿದ್ದರೆ, ಹಿಮ ಕರಗಿ ಮಣ್ಣು ಸಡಿಲವಾದ ಕೂಡಲೇ ಆ ಜಾಗಕ್ಕೆ ಧಾರಾಳವಾಗಿ ನೀರು ಬಿಟ್ಟು ಉಪ್ಪನ್ನು ಬೇರಿಗಿಂತ ಕೆಳಗೆ ಇಳಿಸುತ್ತೇನೆ.