ರೆಸ್ಯೂಮೆ ತಿದ್ದಿದರೂ ಲಿಂಕ್ ಹಳೆಯದೇ ಇರಲಿ
ಗೂಗಲ್ ಡ್ರೈವ್‌ನಲ್ಲಿಟ್ಟ ರೆಸ್ಯೂಮೆ ಲಿಂಕನ್ನು ನಾಲ್ಕಾರು ಕಡೆ ಕೊಟ್ಟಿದ್ದರೆ, ತಿದ್ದಿದಾಗಲೆಲ್ಲ ಹೊಸ ಫೈಲ್ ಹಾಕಬೇಡಿ. ಕಂಪ್ಯೂಟರಿನಲ್ಲಿ ಹಳೇ ಪಿಡಿಎಫ್ ಮೇಲೆ ರೈಟ್ ಕ್ಲಿಕ್ ಮಾಡಿ, ಫೈಲ್ ಇನ್ಫರ್ಮೇಶನ್ ಒಳಗಿನ ‘ಮ್ಯಾನೇಜ್ ವರ್ಷನ್ಸ್’ಗೆ ಹೋಗಿ ಅಲ್ಲಿಂದಲೇ ಹೊಸದನ್ನು ಅಪ್‌ಲೋಡ್ ಮಾಡಿ. ಲಿಂಕ್ ಅಂಟಿಕೊಂಡಿರುವುದು ಫೈಲಿಗೆ, ಒಳಗಿನ ಬರಹಕ್ಕಲ್ಲ, ಹಾಗಾಗಿ ಮೊದಲೇ ಲಿಂಕ್ ಸಿಕ್ಕವರಿಗೂ ಈಗಿನ ರೆಸ್ಯೂಮೆಯೇ ತೆರೆಯುತ್ತದೆ. ಆದರೆ ಈಗಾಗಲೇ ಡೌನ್‌ಲೋಡ್ ಮಾಡಿಕೊಂಡವರ ಹತ್ತಿರ ಹಳೆಯದೇ ಉಳಿಯುತ್ತದೆ, ಫೈಲನ್ನೇ ಅಪ್‌ಲೋಡ್ ಮಾಡಿಸಿಕೊಳ್ಳುವ ಜಾಬ್ ಸೈಟುಗಳಲ್ಲೂ ಅಷ್ಟೇ, ಅಲ್ಲಿ ನೀವೇ ಹೋಗಿ ಬದಲಿಸಬೇಕು. ಶೇರಿಂಗ್ ‘ರಿಸ್ಟ್ರಿಕ್ಟೆಡ್’ ಅಂತಿದ್ದರಂತೂ ನೀವು ಸೇರಿಸಿದವರಿಗೆ ಬಿಟ್ಟು ಬೇರೆ ಯಾರಿಗೂ ತೆರೆಯುವುದೇ ಇಲ್ಲ, ಇನ್‌ಕಾಗ್ನಿಟೊ ವಿಂಡೋದಲ್ಲಿ (ನಿಮ್ಮ ಖಾತೆ ಲಾಗಿನ್ ಆಗಿರದ ಬ್ರೌಸರ್ ಕಿಟಕಿ) ಒಮ್ಮೆ ತೆರೆದು ನೋಡಿಬಿಡಿ. ಇನ್ನೊಂದು ಮುಖ್ಯ ಮಾತು: ಲಿಂಕ್ ಕೈಗೆ ಸಿಕ್ಕ ಯಾರು ಬೇಕಾದರೂ ಓದಬಹುದು ಅಲ್ವಾ, ಮನೆ ವಿಳಾಸ, ಹುಟ್ಟಿದ ದಿನಾಂಕ ದಯವಿಟ್ಟು ತೆಗೆದುಹಾಕಿ.